ತಾರೆಕಾಯಿಯ ಲೆಕ್ಕ

ಬೆಳಗಿನ ಜಾವ ಕೊಟ್ಟಿಗೆಗೆ ಹೊರಟವಳು ಜಗಲಿಯಲ್ಲಿ ಬೆಳಕು ಕಂಡು ನಿಂತೆ. ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ರಾತ್ರಿಯಿಡೀ ನಿದ್ದೆಗೆಟ್ಟು ಮೊಬೈಲು ನೋಡುತ್ತ ಕೂತಿದ್ದ. 2025ರ ಏಪ್ರಿಲ್ ತಿಂಗಳು. ಅಮೆರಿಕದ ಆಗಸ್ಟಾದಲ್ಲಿ ಮಾಸ್ಟರ್ಸ್ ಗಾಲ್ಫ್ ಪಂದ್ಯದ ಕೊನೆಯ ದಿನ. ರೋರಿ ಮೆಕಿಲ್‌ರಾಯ್ ಗೆಲ್ಲುತ್ತಾನೆಂದು ಇವನು ಹಣ ಕಟ್ಟಿದ್ದನಂತೆ. ಅವನು ಗೆದ್ದೂಬಿಟ್ಟ.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಇಂಥಲ್ಲಿ ಸುಮ್ಮನಿರಲು ಬರುವುದಿಲ್ಲ. ಧರ್ಮರಾಯನಿಂದ ಹಿಡಿದು ಓಸಿ ಆಡಿ ತೋಟ ಕಳೆದುಕೊಂಡವರವರೆಗೆ ಎಲ್ಲವನ್ನೂ ಹೇಳಿದೆ. ಅವನು ಕಾಫಿ ಕುಡಿಯುತ್ತ ಪೂರ್ತಿ ಕೇಳಿ, "ಅತ್ತೆ, ಓಸಿ ಅಂದರೆ ಕುರುಡು ನಂಬರು. ಇದು ನೆಲ ಓದುವ ವಿದ್ಯೆ" ಎಂದ.

ಅವನು ವಿವರಿಸಿದ್ದು ಸುಳ್ಳೇನಲ್ಲ. ಮಳೆ ಕುಡಿದ ನೆಲ ಮೆತ್ತಗಿದ್ದರೆ ಚೆಂಡು ಬಿದ್ದಲ್ಲೇ ನಿಲ್ಲುತ್ತದೆ. ಒಣಗಿ ಬಿರುಸಾಗಿದ್ದರೆ ಪುಟಿದು ಎಲ್ಲೋ ಹೋಗುತ್ತದೆ. 2020ರಲ್ಲಿ ಕೊರೋನಾದಿಂದಾಗಿ ಆ ಪಂದ್ಯ ನವೆಂಬರಿಗೆ ಹೋಯಿತು. ಮಳೆಗೆ ಮೆತ್ತಗಾದ ಅಂಗಳದಲ್ಲಿ ಡಸ್ಟಿನ್ ಜಾನ್ಸನ್ ನಾಲ್ಕು ಸುತ್ತನ್ನು 268 ಹೊಡೆತಗಳಲ್ಲಿ ಮುಗಿಸಿ ದಾಖಲೆ ಮಾಡಿದ. ಬ್ರಿಟನ್ನಿನ ಕಡಲ ಬದಿಯ ಓಪನ್ ಪಂದ್ಯದಲ್ಲಂತೂ ಬೆಳಿಗ್ಗೆ ಆಡಿದವನಿಗೆ ಒಂದು ಗಾಳಿ, ಮಧ್ಯಾಹ್ನ ಆಡಿದವನಿಗೆ ಇನ್ನೊಂದು. ಆಗಸ್ಟಾದಲ್ಲಿ ಹುಲ್ಲಿನಡಿ ಕೊಳವೆ ಹೂತು ಯಂತ್ರದಿಂದ ನೀರನ್ನು ಹೀರುತ್ತಾರೆ ಎಂದಾಗ ನನಗೆ ನಮ್ಮ ತೋಟದ ಬಸಿಗಾಲುವೆ ನೆನಪಾಯಿತು. ಅವನಿಗೂ ಅದೇ ನೆನಪಾಗಿರಬೇಕು. "ನೀನು ಫಸಲು ಗುತ್ತಿಗೆ ಹಿಡಿದಿದ್ದೆಯಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?" ಎಂದ.

ಕಾನೂನೂ ಈ ಪ್ರಶ್ನೆಯ ಸುತ್ತ ಸುತ್ತಿದೆ. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ಪಂದ್ಯದಲ್ಲಿ ಅದೃಷ್ಟಕ್ಕಿಂತ ಕೌಶಲ್ಯವೇ ಹೆಚ್ಚೆಂದಿತು. 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾಯಿದೆ, ಕೌಶಲ್ಯವಿರಲಿ ಅದೃಷ್ಟವಿರಲಿ, ಆನ್‌ಲೈನಿನಲ್ಲಿ ಹಣವಿಟ್ಟು ಆಡುವುದನ್ನೇ ನಿಷೇಧಿಸಿತು. ನನ್ನ ಅಳಿಯನ ಬಾಯಿ ಅಲ್ಲಿಗೆ ಮುಚ್ಚಿತು, ನನ್ನ ಮನಸ್ಸು ಮುಚ್ಚಲಿಲ್ಲ. ಕಾಯಿದೆಗೆ ಸಿಕ್ಕದ ಆಟವೊಂದನ್ನು ನಾನು ಆಡಿದ್ದೆ.

ಹತ್ತು ವರ್ಷದ ಹಿಂದಿನ ಮಾತು. ನಮ್ಮ ಹತ್ತಿರದ ಮನೆಯವಳೊಬ್ಬಳು ಆ ಬೇಸಿಗೆಯಲ್ಲಿ ಗಂಡನನ್ನು ಕಳೆದುಕೊಂಡಿದ್ದಳು. ಇಪ್ಪತ್ತು ಗುಂಟೆ ಅಡಿಕೆ ತೋಟ. ಕೈಯಲ್ಲಿ ಕಾಸಿಲ್ಲ. ಆಷಾಢದಲ್ಲಿ ಬಂದು, ಮರದ ಮೇಲಿನ ಫಸಲನ್ನು ನೀವೇ ತೆಗೆದುಕೊಳ್ಳಿ ಎಂದಳು. ತೋಟ ನೋಡುವುದನ್ನು ನಾನು ಅಪ್ಪನ ಹಿಂದೆ ತಿರುಗಿ ಕಲಿತವಳು. ಕತ್ತೆತ್ತಿ ಮರಕ್ಕೆಷ್ಟು ಕೊನೆ ಎಂದು ಎಣಿಸಬೇಕು, ಕತ್ತು ತಗ್ಗಿಸಿ ಬುಡದಲ್ಲಿ ಉದುರಿದ ಕಾಯಿ ನೋಡಬೇಕು. ಉದುರಿದ್ದು ಕೊಳೆಯಿಂದಲೋ ಬೇರೆ ಕಾರಣದಿಂದಲೋ ಎಂದು ಮುಟ್ಟಿ ತಿಳಿಯಬೇಕು. ಮಳೆ ಹಿಡಿಯುವ ಮೊದಲೇ ಬೋರ್ಡೋ ಮದ್ದು ಹೊಡೆದಿದ್ದಾರೆಯೇ, ಬಸಿಗಾಲುವೆ ಬಿಡಿಸಿದ್ದಾರೆಯೇ, ಮಂಜು ಎಷ್ಟು ಹೊತ್ತಿನವರೆಗೆ ಕವಿದಿರುತ್ತದೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅವಳ ಗಂಡ ಸಾಯುವ ಮೊದಲು ಕಾಲುವೆ ಚೊಕ್ಕ ಮಾಡಿಸಿ ಹೋಗಿದ್ದ. ತೋಟ ಚೆನ್ನಾಗಿತ್ತು. ನನ್ನ ಲೆಕ್ಕ ಹೇಳಿದ್ದಕ್ಕಿಂತ ಮೂರನೇ ಒಂದು ಪಾಲು ಕಡಿಮೆ ಹೇಳಿದೆ. "ಅಕ್ಕೋರು ಹೇಳಿದ ಮೇಲೆ ಮುಗಿಯಿತು" ಎಂದಳು. ಚೌಕಾಶಿ ಮಾಡಲಿಲ್ಲ.

ಆ ವರ್ಷದ ಲಾಭದಲ್ಲಿ ಕೊಂಡ ಗ್ರೈಂಡರು ಇಂದಿಗೂ ನಮ್ಮನೆಯಲ್ಲಿ ತಿರುಗುತ್ತಿದೆ.

ನನ್ನ ಪರವಾಗಿಯೂ ಮಾತಿದೆ. ಶ್ರಾವಣದಲ್ಲಿ ಕೊಳೆ ಬಂದಿದ್ದರೆ ನಷ್ಟ ನನ್ನದು. ಅವಳಿಗೆ ಹಣ ಆಗಲೇ ಸಂದಿತ್ತು. ಅಪಾಯ ಹೊತ್ತವರಿಗೆ ಕೂಲಿ ಬೇಡವೇ? ಬೇಕು. ಆದರೆ ನಾನು ಉಳಿಸಿಕೊಂಡ ಪಾಲಿನಲ್ಲಿ ಅಪಾಯದ ಕೂಲಿ ಎಷ್ಟು, ಅವಳಿಗೆ ಗೊತ್ತಿಲ್ಲದ್ದರ ಬೆಲೆ ಎಷ್ಟು? ಇದನ್ನು ಬೇರ್ಪಡಿಸಲು ಇವತ್ತಿಗೂ ನನ್ನಿಂದಾಗಿಲ್ಲ. ಅಳಿಯ ಹಣ ಕಟ್ಟಿಸಿಕೊಳ್ಳುವವರ ಬಾಗಿಲಿಗೆ ತಾನಾಗಿ ಹೋದವನು. ಅವರ ದರದಲ್ಲಿ ಗಾಳಿ, ಮಳೆ, ಹುಲ್ಲು ಎಲ್ಲದರ ಓದೂ ಸೇರಿರುತ್ತದೆ, ಮೇಲೆ ಅವರ ಕಮಿಷನ್ನು. ತಾನು ತೋಟ ನೋಡಲು ಬಂದ ಅಕ್ಕೋರು ಎಂದು ಅವನು ತಿಳಿದಿದ್ದಾನೆ. ಅಲ್ಲಿ ತೋಟ ಕೊಟ್ಟವಳ ಜಾಗ ಅವನದು. ಆದರೂ ಆಟ ನಡೆಯುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಅವಳಿಗೆ ಅದೂ ಗೊತ್ತಿರಲಿಲ್ಲ.

ನಳನ ಕಥೆಯಲ್ಲಿ ಋತುಪರ್ಣ ರಥದಲ್ಲಿ ಕೂತೇ ತಾರೆ ಮರದ ಎಲೆ, ಕಾಯಿಗಳ ಲೆಕ್ಕ ಹೇಳುತ್ತಾನೆ. ನಂಬದ ನಳ ರಥ ನಿಲ್ಲಿಸಿ ಎಣಿಸಿ ನೋಡುತ್ತಾನೆ, ಸರಿಯಾಗಿರುತ್ತದೆ. ಆ ತಾರೆಕಾಯಿಯೇ ಹಿಂದೆ ಜೂಜಿನ ದಾಳ. ಎಣಿಸುವ ವಿದ್ಯೆ, ದಾಳದ ವಿದ್ಯೆ ಎರಡನ್ನೂ ಒಬ್ಬನೇ ಬಲ್ಲ. ಎಷ್ಟೋ ಸಲ ಈ ಕಥೆ ಪಾಠ ಮಾಡಿದ್ದೇನೆ. ಋತುಪರ್ಣ ಅದನ್ನು ಬಚ್ಚಿಡದೆ ನಳನಿಗೆ ಕಲಿಸಿದ (ಬದಲಿಗೆ ಕುದುರೆಯ ವಿದ್ಯೆಯ ಭರವಸೆ ಪಡೆದ, ಪುಕ್ಕಟೆ ಅಲ್ಲ) ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಿದ ನೆನಪಿಲ್ಲ.

ಕಳೆದ ಮಳೆಗಾಲದಲ್ಲಿ ಅವಳು ಮತ್ತೆ ಕರೆದಳು. ಈ ಸಲ ಅವಳನ್ನೂ ತೋಟಕ್ಕೆ ಕರೆದುಕೊಂಡು ಹೋಗಿ ಪ್ರತಿ ಸಾಲನ್ನೂ ಗಟ್ಟಿಯಾಗಿ ಎಣಿಸಿದೆ. ಉದುರಿದ ಕಾಯಿಯನ್ನು ಅವಳ ಕೈಗಿಟ್ಟೆ. ಹಳೆಯ ವರ್ಷದ ಲೆಕ್ಕ ಹೇಳಬೇಕೆಂದು ಹೊರಟವಳು ಅದನ್ನು ಮಾತ್ರ ಹೇಳಲಿಲ್ಲ. ಬಸಿಗಾಲುವೆಯ ಹತ್ತಿರ ನಿಂತು ಅವಳೇ ಒಂದು ದರ ಹೇಳಿದಳು. ನನಗೆ ಜಾಸ್ತಿ ಅನ್ನಿಸಿತು. ಚೌಕಾಶಿಗೆ ಇಳಿದೆ. ಅವಳು ಒಂದು ರೂಪಾಯಿಯನ್ನೂ ಬಿಡಲಿಲ್ಲ.