ಹರಿಚಿತ್ತವೂ ನಮ್ಮ ಪ್ರಯತ್ನವೂ

॥ ಶ್ರೀ ಹರಿವಾಯುಗುರುಭ್ಯೋ ನಮಃ ॥

ನೀರು ತುಂಬುವ ಹಬ್ಬದ ತ್ರಯೋದಶಿಯಂದು ಶ್ರೀ ಧನ್ವಂತರಿಯನ್ನು ಸ್ಮರಿಸುವ ಆಸ್ತಿಕ ಬಂಧುಗಳ ಮುಂದೆ ಒಂದು ಪ್ರಶ್ನೆಯನ್ನು ಇಡಬಯಸುತ್ತೇವೆ. ನಮ್ಮ ಆರೋಗ್ಯವು ಯಾರ ಅಧೀನದಲ್ಲಿದೆ?

ಈ ವಿಷಯದಲ್ಲಿ ಜನರ ನಂಬಿಕೆಯನ್ನು ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ವಾಲ್‌ಸ್ಟನ್ ಮತ್ತು ಅವರ ಸಂಗಡಿಗರು 1978ರಲ್ಲಿ 18 ವಾಕ್ಯಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಆರೋಗ್ಯವು ನನ್ನ ನಡತೆಯಿಂದ, ವೈದ್ಯರೇ ಮೊದಲಾದ ಸಮರ್ಥರಿಂದ, ಆಕಸ್ಮಿಕದಿಂದ ಎಂಬ ಮೂರು ನಂಬಿಕೆಗಳಿಗೆ ಆರಾರು ವಾಕ್ಯಗಳು. ಒಂದೊಂದಕ್ಕೂ 1ರಿಂದ 6ರವರೆಗೆ ಅಂಕಗಳು. 1999ರಲ್ಲಿ 'ದೇವರಿಂದ' ಎಂಬ ನಂಬಿಕೆಯನ್ನು ಅಳೆಯುವ ಆರು ವಾಕ್ಯಗಳನ್ನೂ ಪ್ರಕಟಿಸಿದರು. ವಿಶೇಷವೆಂದರೆ, ಈ ಅಂಕಗಳನ್ನು ಬೇರೆ ಬೇರೆಯಾಗಿಯೇ ಎಣಿಸುತ್ತಾರೆ. ದೇವರಲ್ಲಿ ಹೆಚ್ಚು ಅಂಕ ಬಂದವನಿಗೆ ಸ್ವಪ್ರಯತ್ನದಲ್ಲಿ ಕಡಿಮೆ ಬರಲೇಬೇಕೆಂಬ ನಿಯಮವಿಲ್ಲ.

ಈ ಸೂಕ್ಷ್ಮವು ನಮ್ಮ ಮನೆಯಲ್ಲೇ ಮರೆತುಹೋಗಿತ್ತು. ನಮ್ಮ ಬಂಧುಗಳಾದ ಹಿರಿಯರೊಬ್ಬರು "ಎಲ್ಲವೂ ಹರಿಚಿತ್ತ" ಎಂದು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಬಿಟ್ಟರು. ಆದರೆ ಮಡಿನೀರನ್ನು ಹರಿಯೇ ಸೇದಲೆಂದಾಗಲಿ, ನೈವೇದ್ಯದ ಅನ್ನವು ತಾನಾಗಿ ಬೇಯಲೆಂದಾಗಲಿ ಅವರು ಎಂದೂ ಸುಮ್ಮನೆ ಕುಳಿತವರಲ್ಲ! ಕೆಲವು ತಿಂಗಳಲ್ಲಿ ಕಾಲಿನ ಹುಣ್ಣು ಮಾಯದೆ ಆಸ್ಪತ್ರೆ ಸೇರಿದರು. ಆಗ ನೋಡಬಂದವರು "ನೀವೇ ತಂದುಕೊಂಡಿರಿ" ಎಂದರು. ನಾವೂ ಆ ಮಾತಿಗೆ ತಲೆದೂಗಿದೆವು. ಅವರು ಗೋಡೆಯ ಕಡೆಗೆ ಹೊರಳಿ ಮಲಗಿದರು. ಆ ನೋಟವು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಪ್ರಶ್ನಾವಳಿಯು ನಂಬಿಕೆ ಎಷ್ಟೆಂಬುದನ್ನು ಅಳೆಯಬಲ್ಲುದು. ಆ ನಂಬಿಕೆ ಸರಿಯೇ ಎಂಬುದನ್ನು ಶಾಸ್ತ್ರವೇ ಹೇಳಬೇಕು. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಹರಿಯೊಬ್ಬನೇ ಸ್ವತಂತ್ರನು. ಆದರೂ ಜೀವನ ಕರ್ತೃತ್ವವು ಮಿಥ್ಯೆಯಲ್ಲ. ಅದು ಹರಿಯ ಅಧೀನವಾದರೂ ಸತ್ಯವೇ. ಇಲ್ಲವಾದರೆ ವಿಧಿನಿಷೇಧಗಳೆಲ್ಲ ವ್ಯರ್ಥವಾಗುತ್ತಿದ್ದವು. ಗೀತೆಯ 18ನೆಯ ಅಧ್ಯಾಯವು ಕರ್ಮಸಿದ್ಧಿಗೆ ಐದು ಕಾರಣಗಳನ್ನು ಹೇಳುವಾಗ ಚೇಷ್ಟೆಯನ್ನೂ ದೈವವನ್ನೂ ಎಣಿಸಿದೆ. ಇನ್ನು 'ಅದೃಷ್ಟ'ವೆಂದರೆ ನಮಗೆ ಕಾರಣವಿಲ್ಲದ ಆಕಸ್ಮಿಕವಲ್ಲ; ಹಿಂದಿನ ಕರ್ಮದ ಕಾಣದ ಫಲ.

ಹಾಗಾದರೆ ವೈದ್ಯರು? ಉದರರೋಗದಿಂದ ಬಳಲಿದ ಜಗನ್ನಾಥದಾಸರಿಗೆ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆಯೆರೆದರೆಂದು ನಮ್ಮ ಪರಂಪರೆ ನಂಬಿದೆ. ಹರಿಯ ಕೃಪೆಯೂ ಮತ್ತೊಬ್ಬರ ಕೈಯ ಮೂಲಕ ಬರುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ? ಮಾತ್ರೆ ಕೊಡುವ ಕೈಯಲ್ಲಿಯೂ ಅವನೇ ನಿಂತು ಕೊಡಿಸುವನು.

ಆದುದರಿಂದ 'ಹರಿಚಿತ್ತ'ವೆಂಬ ಮಾತು ಪ್ರಯತ್ನಕ್ಕೆ ಮೊದಲು ಬಂದರೆ ಆಲಸ್ಯ. ಪ್ರಯತ್ನದ ಬಳಿಕ ಬಂದರೆ ಸಮರ್ಪಣೆ. ಹಾಗೆಯೇ ರೋಗಿಯ ಹಾಸಿಗೆಯ ಬಳಿ ನಿಂತು ಅವನ ಕರ್ಮದ ಲೆಕ್ಕ ಹೇಳಲು ನಮಗೆ ಅಧಿಕಾರವಿಲ್ಲ. ಆ ಲೆಕ್ಕವನ್ನು ಬಲ್ಲವನು ಹರಿಯೊಬ್ಬನೇ. ನಮಗಿರುವುದು ಸೇವೆಯ ಅಧಿಕಾರ ಮಾತ್ರ. ಆ ಹಿರಿಯರು ಈಗ ಧನ್ವಂತರಿಯನ್ನು ಸ್ಮರಿಸಿಯೇ ಮಾತ್ರೆ ಸೇವಿಸುತ್ತಾರೆ. ನೀರಿನ ಲೋಟವನ್ನು ನಾವು ಹಿಡಿದು ನಿಲ್ಲುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥