ತಂತಿ ತಂದವನ ಮೇಲಿನ ಸಿಟ್ಟು

‘ಅಗ್ಗದ ಕಣ್ಣೀರು’ ಎಂಬ ಮಾತನ್ನು ಈಚೆಗೆ ಒಬ್ಬರು ನನ್ನೆದುರಿಗೇ ಆಡಿದರು. ಮೂವತ್ತು ವರ್ಷಗಳ ಸ್ನೇಹಿತರು, ಓದಿಕೊಂಡವರು, ಯಾರ ಮನಸ್ಸನ್ನೂ ನೋಯಿಸದವರು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೂ ಸಿಟ್ಟು ಇಳಿಯಲಿಲ್ಲ.

ಮಾತು ಹೊರಟದ್ದು ‘ಮ್ಯಾಶ್’ ಎಂಬ ಅಮೆರಿಕನ್ ಟಿವಿ ಸರಣಿಯ ಒಂದು ಕಂತಿನಿಂದ. ಕೊರಿಯಾ ಯುದ್ಧದ ಕಾಲದ ಒಂದು ಸಂಚಾರಿ ಸೇನಾ ಆಸ್ಪತ್ರೆಯ ಕಥೆ ಅದು. ಅತ್ತ ವಿಯೆಟ್ನಾಮಿನಲ್ಲಿ ಯುದ್ಧ ನಡೆಯುತ್ತಿದ್ದಾಗಲೇ, 1972ರಲ್ಲಿ ಶುರುವಾಗಿ 1983ರವರೆಗೆ ಓಡಿತು. ನಾನು ಹೇಳುತ್ತಿರುವ ಕಂತು ಪ್ರಸಾರವಾದದ್ದು 1975ರ ಮಾರ್ಚ್ 18ರಂದು. ಹೆಸರು ‘ಅಬಿಸಿನಿಯಾ, ಹೆನ್ರಿ’. ‘ಮತ್ತೆ ಸಿಗೋಣ’ ಎಂಬ ಇಂಗ್ಲಿಷ್ ಮಾತನ್ನು ಅವಸರದಲ್ಲಿ ಆಡಿದರೆ ಅಬಿಸಿನಿಯಾ ಎಂದು ಕೇಳಿಸುತ್ತದೆ. ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಬ್ಲೇಕ್‌ಗೆ ಊರಿಗೆ ಮರಳುವ ಆದೇಶ ಬರುತ್ತದೆ. ಕುಡಿತ, ನಗು, ಹೊಸ ಸೂಟು, ಬೀಳ್ಕೊಡುಗೆ. ಹೆಲಿಕಾಪ್ಟರ್ ಹತ್ತುವ ಮುಂಚೆ ಓಡಿಬಂದು ಗುಮಾಸ್ತ ಹುಡುಗ ರೇಡಾರ್‌ನನ್ನು ಅಪ್ಪಿಕೊಳ್ಳುತ್ತಾನೆ. ಕಥೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಗೆ ಅದೇ ರೇಡಾರ್ ಬರುತ್ತಾನೆ. ಮುಖಕ್ಕೆ ಮಾಸ್ಕ್ ಇಲ್ಲ, ಕೈಯಲ್ಲಿ ಕಾಗದ. ಹೆನ್ರಿಯ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಲಾಗಿದೆ, ಯಾರೂ ಬದುಕಿಲ್ಲ. ಯಾರದೋ ಕೈಯಿಂದ ಒಂದು ಉಪಕರಣ ಜಾರಿ ನೆಲಕ್ಕೆ ಬಿದ್ದು ಸದ್ದಾಗುತ್ತದೆ. ವೈದ್ಯರು ಹೊಲಿಗೆ ಹಾಕುವುದನ್ನು ಮುಂದುವರಿಸುತ್ತಾರೆ. ಅಷ್ಟೇ.

ಆ ರಾತ್ರಿಯ ಬಳಿಕ ನಿರ್ಮಾಪಕರಿಗೆ ನೂರುಗಟ್ಟಲೆ ಕಾಗದ ಬಂದವು. ಬಹಳಷ್ಟು ಸಿಟ್ಟಿನವು. ನಗಿಸುತ್ತೀರೆಂದು ನಂಬಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆವು, ನೀವು ಮೋಸ ಮಾಡಿದಿರಿ ಎಂಬ ಅರ್ಥದವು. ನಿರ್ಮಾಪಕರಾದ ಲ್ಯಾರಿ ಗೆಲ್ಬಾರ್ಟ್ ಮತ್ತು ಜೀನ್ ರೆನಾಲ್ಡ್ಸ್ ಕೂತು ಅನೇಕರಿಗೆ ಉತ್ತರ ಬರೆದರು. ಯುದ್ಧಕ್ಕೆ ಹೋದ ಎಲ್ಲರೂ ಊರಿಗೆ ಮರಳಿ ಸುಖವಾಗಿರುವುದಿಲ್ಲ ಎಂಬುದು ಅವರ ಸಮಜಾಯಿಷಿಯ ಸಾರ.

ನನ್ನ ಸ್ನೇಹಿತರು ಹೇಳಿದ್ದು ಇದು: ‘ಆ ನಟ ಬೇರೆ ಚಾನೆಲ್‌ಗೆ ಹೋಗಲು ಕೆಲಸ ಬಿಟ್ಟ, ಅದಕ್ಕೆ ಪಾತ್ರವನ್ನು ಸಾಯಿಸಿದರು. ಅತ್ತ ವಿಯೆಟ್ನಾಮಿನಲ್ಲಿ ನಿಜವಾದ ಜನ ಸಾಯುತ್ತಿದ್ದರು. ಇವರು ಇಲ್ಲದ ಮನುಷ್ಯನಿಗಾಗಿ ಕಾಗದ ಬರೆದರು. ಅಗ್ಗದ ಕಣ್ಣೀರು.’

ಇಂಥ ಚರ್ಚೆ ಬಂದಾಗ ನಮ್ಮಲ್ಲಿ ಭರತನಿಂದ ಶುರುಮಾಡಿ ಅಭಿನವಗುಪ್ತನವರೆಗೆ ಹೋಗುವುದು ವಾಡಿಕೆ. ಪಶ್ಚಿಮದವರಾದರೆ ಅರಿಸ್ಟಾಟಲ್. ಮೂವರಿಗೂ ನಮಸ್ಕಾರ. ಶೋಕ ಹೇಗೆ ಸವಿಯಾಗುತ್ತದೆ, ಹೇಗೆ ಮನಸ್ಸನ್ನು ತಿಳಿಗೊಳಿಸುತ್ತದೆ ಎಂಬುದು ಅವರ ಪ್ರಶ್ನೆ. ಕಾಗದ ಬರೆದವರು ಏನನ್ನೂ ಸವಿದಿರಲಿಲ್ಲ, ಅವರ ಮನಸ್ಸು ತಿಳಿಯಾಗಿರಲಿಲ್ಲ. ಅದೇ 1975ರಲ್ಲಿ ಕಾಲಿನ್ ರ್‍ಯಾಡ್‌ಫರ್ಡ್ ಎಂಬ ತತ್ವಜ್ಞಾನಿ, ಕಾದಂಬರಿಯ ನಾಯಕಿ ಅನ್ನಾ ಕರೆನಿನಾಳಿಗಾಗಿ ಮರುಗುವುದು ತರ್ಕಕ್ಕೆ ನಿಲ್ಲುವುದಿಲ್ಲ ಎಂದು ವಾದಿಸಿದ. ನಿಲ್ಲದಿದ್ದರೆ ಬೇಡ. ಮರುಕಕ್ಕೆ ತರ್ಕದ ಅಪ್ಪಣೆ ಬೇಕೆಂದು ನನಗೆ ಯಾವತ್ತೂ ಅನಿಸಿಲ್ಲ.

ನನ್ನನ್ನು ನಿಜವಾಗಿ ಕಾಡುವವನು ರೂಸೋ. ಸ್ನೇಹಿತರು ಹೆಸರು ಹೇಳದಿದ್ದರೂ ಅವರ ಬಾಯಲ್ಲಿ ಮಾತಾಡಿದ್ದು ಅವನೇ. ಜಿನೀವಾದಲ್ಲಿ ನಾಟಕಶಾಲೆ ಬೇಕು ಎಂದು ಫ್ರೆಂಚ್ ಚಿಂತಕ ದಲಾಂಬೇರ್ ಬರೆದಾಗ, ಬೇಡವೇ ಬೇಡ ಎಂದು ರೂಸೋ 1758ರಲ್ಲಿ ಒಂದು ದೀರ್ಘ ಪತ್ರ ಪ್ರಕಟಿಸಿದ. ಅದರಲ್ಲಿನ ಒಂದು ವಾದ ಇವತ್ತಿಗೂ ಚುಚ್ಚುತ್ತದೆ. ನಾಟಕದಲ್ಲಿ ಅಳುವಾಗ ನಾವು ಮನುಷ್ಯತ್ವದ ಸಾಲವನ್ನೆಲ್ಲ ತೀರಿಸಿದಂತೆ ಭಾವಿಸುತ್ತೇವೆ, ಕೈಯಿಂದ ಒಂದು ಕಾಸೂ ಕೊಟ್ಟಿರುವುದಿಲ್ಲ. ಎದುರಿಗೆ ನಿಜವಾದ ದುಃಖಿ ನಿಂತರೆ ಅವನು ಸಹಾಯ ಕೇಳುತ್ತಾನೆ, ಸಮಯ ಕೇಳುತ್ತಾನೆ, ನಮ್ಮ ನೆಮ್ಮದಿ ಕೇಳುತ್ತಾನೆ. ರಂಗದ ಮೇಲಿನ ದುಃಖಿ ಏನನ್ನೂ ಕೇಳುವುದಿಲ್ಲ. ಸುಂದರ ಹೃದಯ ನಮ್ಮದು ಎಂದು ಮೆಚ್ಚಿಕೊಂಡು ಮನೆಗೆ ಹೋಗುತ್ತೇವೆ. ಸಾಕ್ಷಿಗೆ ಅವನು ಪ್ರಾಚೀನ ಗ್ರೀಸಿನ ಫೆರೆಯ ಸರ್ವಾಧಿಕಾರಿಯನ್ನು ಕರೆಯುತ್ತಾನೆ. ದಿನವೂ ಜನರನ್ನು ಕೊಲ್ಲಿಸುತ್ತಿದ್ದವನು, ಅವರ ಚೀರಾಟಕ್ಕೆ ಕಿವಿಗೊಡದವನು, ನಾಟಕದಲ್ಲಿ ಆಂಡ್ರೊಮಾಕಿಯ ಗೋಳಿಗೆ ಕಣ್ಣೀರಿಡುವುದನ್ನು ಜನ ಕಂಡಾರೆಂದು ಹೆದರುತ್ತಿದ್ದನಂತೆ.

ರೂಸೋನ ಈ ಸಾಕ್ಷಿಯನ್ನು ಮೊದಲು ಪಾಟೀಸವಾಲಿಗೆ ಕರೆಯಬೇಕು. ಅವನು ಯಾಕೆ ಹೆದರಿದ? ಕಣ್ಣೀರು ಅಷ್ಟು ಅಗ್ಗದ್ದಾಗಿದ್ದರೆ ಎಲ್ಲರೆದುರು ಧಾರಾಳವಾಗಿ ಸುರಿಸಬಹುದಿತ್ತಲ್ಲ? ಒಂದು ಹೆಂಗಸಿನ ಗೋಳಿಗೆ ಕರಗುವವನು ನಮ್ಮ ಹೆಂಗಸರ ಗೋಳಿಗೆ ಯಾಕೆ ಕರಗಲಿಲ್ಲ ಎಂದು ಜನ ಕೇಳುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ರಂಗದ ಮೇಲಿನ ಸಾವಿಗೂ ಊರಿನ ಸಾವಿಗೂ ನಡುವೆ ಒಂದು ದಾರಿ ಇದೆಯೆಂದು ಆ ಕೊಲೆಗಡುಕನೇ ಒಪ್ಪಿಕೊಂಡ ಹಾಗಾಯಿತು. ಪತ್ರ ಬರೆದ ತತ್ವಜ್ಞಾನಿ ಮಾತ್ರ ಆ ದಾರಿ ಮುಚ್ಚಿದೆ ಎನ್ನುತ್ತಾನೆ.

ಎರಡನೆಯ ಮಾತು. ಸಾಲ ತೀರಿತೆಂದು ನೆಮ್ಮದಿಯಾಗಿ ಮನೆಗೆ ಹೋದವನು ಜಗಳಕ್ಕೆ ಬರುವುದಿಲ್ಲ. ಹೆನ್ರಿಗಾಗಿ ಅತ್ತವರು ಜಗಳಕ್ಕೆ ಬಂದರು. ಯಕ್ಷಗಾನದಲ್ಲಿ ಅಭಿಮನ್ಯುವಿನ ಕಾಳಗ ನೋಡಲು ಕೂತವನಿಗೆ ಅಭಿಮನ್ಯು ಬೆಳಗಿನೊಳಗೆ ಸಾಯುತ್ತಾನೆಂದು ಗೊತ್ತು. ಚಂಡೆ ಅವನನ್ನು ಆ ಸಾವಿಗೆ ಹಂತಹಂತವಾಗಿ ಒಯ್ಯುತ್ತದೆ. ಹೆನ್ರಿಯ ಸಾವಿಗೆ ಚಂಡೆ ಇಲ್ಲ, ಪದ ಇಲ್ಲ, ಶವವೂ ಇಲ್ಲ. ಒಂದು ಕಾಗದ ಮತ್ತು ನೆಲಕ್ಕೆ ಬಿದ್ದ ಲೋಹದ ಸದ್ದು. ಅಳಲು ಅವಕಾಶವನ್ನೇ ಕೊಡದ ಸಾವು. ಆ ಲೆಕ್ಕ ತೀರುವುದು ಹೇಗೆ?

ಇದು ನನಗೆ ಗೊತ್ತಿರುವುದು ಪುಸ್ತಕದಿಂದಲ್ಲ. ನಮ್ಮ ತಂದೆ ಕೊಡಗಿನ ಒಂದು ಸಣ್ಣ ಊರಿನ ಅಂಚೆ ಕಚೇರಿಯಲ್ಲಿದ್ದರು. ಕಾಗದದ ಜೊತೆಗೆ ತಂತಿಗಳನ್ನೂ ಅವರೇ ಮುಟ್ಟಿಸಬೇಕಿತ್ತು. ಪಾಕಿಸ್ತಾನದೊಡನೆ ಯುದ್ಧ ನಡೆದ 1971ರ ಡಿಸೆಂಬರಿನಲ್ಲಿ ನನಗೆ ಒಂಬತ್ತು ವರ್ಷ. ಮನೆಗೊಬ್ಬರು ಸೈನ್ಯದಲ್ಲಿದ್ದ ಸೀಮೆ ಅದು. ಆ ತಿಂಗಳು ಅಪ್ಪ ಸೈಕಲ್ ತೆಗೆದರೆ ಕಾಫಿ ತೋಟದ ಲೈನ್ ಮನೆಗಳವರೆಗೂ ಹೆಂಗಸರು ಬಾಗಿಲಿಗೆ ಬಂದು, ಅವರು ದಾಟಿಹೋಗುವ ತನಕ ನಿಂತಿರುತ್ತಿದ್ದರು. ಒಂದು ಮನೆಗೆ ಅವರು ತಂತಿ ಒಯ್ಯಬೇಕಾಯಿತು. ಆ ತಾಯಿ ಅಳಲಿಲ್ಲ. ‘ದಾರಿಯಲ್ಲಿ ಎಲ್ಲಾದರೂ ಕಳೆದುಕೊಳ್ಳಬಹುದಿತ್ತಲ್ಲ ನೀನು’ ಎಂದರಂತೆ. ಅಪ್ಪ ಆ ಮಾತನ್ನು ಮನೆಯಲ್ಲಿ ಒಂದೇ ಸಲ ಹೇಳಿದ್ದು. ಆಕೆ ಮುಂದೆ ಎಷ್ಟೋ ವರ್ಷ, ಸಂತೆಯಲ್ಲಿ ಎದುರಾದರೆ ಅಪ್ಪನಿಂದ ಮುಖ ತಿರುಗಿಸುತ್ತಿದ್ದರು.

2008ರಲ್ಲಿ ಮಗಳು ತಂದುಕೊಟ್ಟ ಡಿವಿಡಿಯಲ್ಲಿ ಆ ಕಂತು ನೋಡುವಾಗ ನನಗೆ ಕಂಡದ್ದು ರೇಡಾರ್ ಅಲ್ಲ, ಅಪ್ಪ. ಆಮೇಲೆ ಅಮೆರಿಕದ ಪ್ರೇಕ್ಷಕರ ಕಾಗದಗಳ ವಿಷಯ ಓದಿದಾಗ ಆ ತಾಯಿಯ ಮಾತೇ ಕೇಳಿಸಿತು. ಸುಮ್ಮನೆ ಅವನನ್ನು ಮನೆಗೆ ಕಳಿಸಬಹುದಿತ್ತಲ್ಲ ನೀವು. ಇದು ಅಗ್ಗವೇ? ಸುದ್ದಿಯನ್ನು ತಡೆಯಲಾಗದವನು ಸುದ್ದಿ ತಂದವನ ಮೇಲೆ ಎರಗುತ್ತಾನೆ. ಯುದ್ಧದ ಸಾವು ಮನೆಯೊಳಗೆ ಬಂದಾಗ ದುಃಖಕ್ಕಿಂತ ಮೊದಲು ಬರುವುದು ಈ ಸಿಟ್ಟು. ಟಿವಿಯೆದುರು ಕೂತವರಿಗೆ ಅರ್ಧ ಗಂಟೆಯ ಒಂದು ಕಂತು ಅದನ್ನು ಮುಟ್ಟಿಸಿತು.

ಇಲ್ಲಿಗೆ ನಿಲ್ಲಿಸಿದರೆ ನಾನು ಗೆದ್ದ ಹಾಗೆ. ಆದರೆ ಹೋಲಿಕೆ ಒಂದು ಕಡೆ ಹರಿಯುತ್ತದೆ. ಅಪ್ಪ ಯಾರನ್ನೂ ಕೊಂದಿರಲಿಲ್ಲ. ಗೆಲ್ಬಾರ್ಟ್ ಮತ್ತು ರೆನಾಲ್ಡ್ಸ್ ಹೆನ್ರಿಯನ್ನು ಕೊಂದರು, ತಾವೇ ಕೂತು, ಯೋಚಿಸಿ. ಅಷ್ಟೇ ಅಲ್ಲ. ಕೊನೆಯ ದೃಶ್ಯದ ಪುಟವನ್ನು ಹೆಚ್ಚಿನ ನಟರಿಂದಲೂ ಬಚ್ಚಿಟ್ಟು, ಚಿತ್ರೀಕರಣಕ್ಕೆ ಸ್ವಲ್ಪ ಮುಂಚೆ ಕೈಗಿತ್ತರು. ಸಹನಟನನ್ನು ಬೀಳ್ಕೊಡುವ ಸಂಭ್ರಮದಲ್ಲಿದ್ದವರ ನಿಜವಾದ ಆಘಾತ ಕ್ಯಾಮೆರಾಕ್ಕೆ ಬೇಕಿತ್ತು. ಇದು ನನಗೆ ಸರಿಕಾಣುವುದಿಲ್ಲ. ಯುದ್ಧ ಪಾಠ ಕಲಿಸಲೆಂದು ಯಾರನ್ನೂ ಕೊಲ್ಲುವುದಿಲ್ಲ. ಪಾಠಕ್ಕಾಗಿ ಕೊಂದ ಸಾವು ಎಷ್ಟೇ ಚೆನ್ನಾಗಿ ಬಂದರೂ ಅದರಲ್ಲಿ ಮೇಷ್ಟರ ಬೆತ್ತ ಕಾಣುತ್ತದೆ. ಮೂವತ್ತೆರಡು ವರ್ಷ ಮೇಷ್ಟರಾಗಿದ್ದ ನನಗೆ ಆ ಬೆತ್ತದ ಗುರುತು ಚೆನ್ನಾಗಿಯೇ ಇದೆ. ಮೋಸವಾಯಿತು ಎಂದ ಪ್ರೇಕ್ಷಕರ ಮಾತಿನಲ್ಲಿ ಇಷ್ಟು ನ್ಯಾಯ ಇದ್ದೇ ಇದೆ.

ಆದರೆ ಪೂರ್ತಿ ನ್ಯಾಯ ಇಲ್ಲ. ಆ ಸರಣಿಯಲ್ಲಿ ಧ್ವನಿಮುದ್ರಿತ ನಗು ಹಾಕಲೇಬೇಕೆಂದು ಸಿಬಿಎಸ್ ಚಾನೆಲ್ ಹಟ ಹಿಡಿದಿತ್ತು. ನಿರ್ಮಾಪಕರು ಒಪ್ಪಿದರು, ಒಂದು ಷರತ್ತಿನ ಮೇಲೆ: ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಆ ನಗು ಕೇಳಿಸಕೂಡದು. ಮೂರು ವರ್ಷಗಳಿಂದ ವಾರವಾರವೂ ಆ ಕೋಣೆ ಒಂದು ಮಾತನ್ನು ಹೇಳುತ್ತಲೇ ಇತ್ತು. ಇಲ್ಲಿ ಸಾಯುತ್ತಾರೆ, ಇಲ್ಲಿ ನಗು ಇಲ್ಲ. 1973ರ ಜನವರಿಯ ಒಂದು ಕಂತಿನಲ್ಲಿ ನಾಯಕ ಹಾಕ್‌ಐಯ ಬಾಲ್ಯದ ಗೆಳೆಯ ಅವನ ಕೈಯಡಿಯಲ್ಲೇ ಸಾಯುತ್ತಾನೆ. ಯುದ್ಧದಲ್ಲಿ ಹುಡುಗರು ಸಾಯುತ್ತಾರೆ, ವೈದ್ಯರಿಂದ ಆ ನಿಯಮ ಬದಲಿಸಲಾಗುವುದಿಲ್ಲ ಎಂದು ಆಗ ಸಮಾಧಾನ ಹೇಳುವವನು ಯಾರು? ಇದೇ ಹೆನ್ರಿ. ಒಪ್ಪಂದ ಬಾಗಿಲ ಮೇಲೆಯೇ ಬರೆದಿತ್ತು.

ಈಗ ರೂಸೋ ಮತ್ತೆ ಬರುತ್ತಾನೆ, ಈ ಸಲ ಬಲವಾಗಿ. ಮೂರು ವರ್ಷ ಆ ಕೋಣೆಯ ಮೇಜುಗಳ ಮೇಲೆ ಸತ್ತವರಿಗಾಗಿ ಯಾರು ಕಾಗದ ಬರೆದರು? ಹೆನ್ರಿಯ ಕಂತು ಪ್ರಸಾರವಾದ ಹದಿನೇಳನೆಯ ದಿನ, ಏಪ್ರಿಲ್ 4ರಂದು, ವಿಯೆಟ್ನಾಮಿನ ಅನಾಥ ಮಕ್ಕಳನ್ನು ಸಾಗಿಸುತ್ತಿದ್ದ ಅಮೆರಿಕದ ಸೇನಾ ವಿಮಾನವೊಂದು ಸೈಗಾನ್ ಬಳಿ ಬಿದ್ದು 138 ಮಂದಿ ಸತ್ತರು. ಅರ್ಧಕ್ಕಿಂತ ಹೆಚ್ಚು ಮಕ್ಕಳು. ಸಮುದ್ರಕ್ಕೆ ಬಿದ್ದ ಕಲ್ಪಿತ ವಿಮಾನ ಒಂದು, ಗದ್ದೆಗೆ ಬಿದ್ದ ನಿಜವಾದ ವಿಮಾನ ಒಂದು. ಮೊದಲನೆಯದಕ್ಕೆ ಅತ್ತವರು ಎರಡನೆಯದಕ್ಕೆ ಅಳಲಿಲ್ಲ ಎಂದು ನಾನು ಹೇಳಲಾರೆ, ಅತ್ತಿರಬಹುದು. ಆದರೆ ಹೆನ್ರಿಯ ವಿಷಯದಲ್ಲಿ ಅವರ ಬೇಡಿಕೆ ‘ಅವನನ್ನು ವಾಪಸ್ ಕೊಡಿ’ ಎಂದಾಗಿತ್ತು. ಯುದ್ಧ ನಿಲ್ಲಿಸಿ ಎಂದಲ್ಲ. ಕಾಗದ ಹೋದದ್ದೂ ಸರಕಾರಕ್ಕಲ್ಲ.

ಪರಿಚಿತರಿಗಷ್ಟೇ ಮರುಗುವ ಈ ತಪ್ಪಿನಿಂದ ಸರಣಿಯೂ ಪಾರಾಗಲಿಲ್ಲ. 1983ರ ಫೆಬ್ರುವರಿ 28ರಂದು ಹತ್ತು ಕೋಟಿಗೂ ಹೆಚ್ಚು ಜನ ನೋಡಿದ ಕೊನೆಯ ಕಂತಿನಲ್ಲಿ ಕೊರಿಯಾದ ಒಬ್ಬ ತಾಯಿ, ಶತ್ರುವಿಗೆ ಸದ್ದು ಕೇಳಿಸಬಾರದೆಂದು, ಬಸ್ಸಿನಲ್ಲಿ ತನ್ನ ಕೂಸಿನ ಉಸಿರು ಕಟ್ಟಿಸುತ್ತಾಳೆ. ಅದನ್ನು ಕಂಡ ಹಾಕ್‌ಐಗೆ ಬುದ್ಧಿ ಭ್ರಮಣೆಯಾಗುತ್ತದೆ. ನೋಡಿದವರು ಇಂದಿಗೂ ಹಾಕ್‌ಐಯ ಬಗ್ಗೆ ಮಾತಾಡುತ್ತಾರೆ. ಆ ತಾಯಿಗೆ ಹೆಸರಿಲ್ಲ, ಕೂಸಿಗೂ ಇಲ್ಲ. ಕೊರಿಯನ್ನರ ನಾಡಿನಲ್ಲಿ, ಕೊರಿಯನ್ನರು ಲಕ್ಷಗಟ್ಟಲೆ ಸತ್ತ ಯುದ್ಧದಲ್ಲಿ, ಜನರನ್ನು ತಬ್ಬಿಬ್ಬು ಮಾಡಿದ ಸಾವು ಇಲಿನಾಯ್‌ನ ಒಬ್ಬ ವೈದ್ಯನದು, ಹೆನ್ರಿಯದು.

ನಾವೂ ಬೇರೆಯಲ್ಲ. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ನಾಯಕತ್ವದಲ್ಲಿ ಭಾರತದ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಪಡೆ 1950ರಲ್ಲಿ ಕೊರಿಯಾಕ್ಕೆ ಹೋಯಿತು. ಮೂರು ವರ್ಷಕ್ಕೂ ಮಿಕ್ಕಿ ಅಂಥದೇ ಡೇರೆಗಳಲ್ಲಿ ಗಾಯಾಳುಗಳಿಗೆ ಹೊಲಿಗೆ ಹಾಕಿತು. 1951ರ ಮಾರ್ಚ್‌ನಲ್ಲಿ ಅದರ ವೈದ್ಯರು ಅಮೆರಿಕದ ಸೈನಿಕರ ಜೊತೆ ವಿಮಾನದಿಂದ ಧುಮುಕಿದರು. ಯುದ್ಧ ನಿಂತ ಮೇಲೆ ಕೈದಿಗಳನ್ನು ಹಿಂದಿರುಗಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ತಿಮ್ಮಯ್ಯನವರ ಕಾರಣದಿಂದ ನಮ್ಮೂರಿನ ಹಿರಿಯರ ಬಾಯಲ್ಲಿ ಕೊರಿಯಾ ಎಂಬ ಹೆಸರಿತ್ತು. ಆದರೂ ಕೊರಿಯಾದ ವೈದ್ಯ ಎಂದರೆ ಈಗ ನನ್ನ ಕಣ್ಣಮುಂದೆ ಮೊದಲು ಬರುವುದು ಹೆನ್ರಿಯ ಮುಖ. ಕಲ್ಪಿತ ಮನುಷ್ಯ ನಿಜವಾದವರ ಜಾಗದಲ್ಲಿ ಕೂತುಬಿಟ್ಟಿದ್ದಾನೆ. ರೂಸೋಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

ಇನ್ನೊಂದನ್ನು ಹೇಳದೆ ಬಿಟ್ಟರೆ ಅಪ್ರಾಮಾಣಿಕನಾಗುತ್ತೇನೆ. ಆ ಡಿವಿಡಿ ನೋಡಿ ನಾನು ಹೆನ್ರಿಗಾಗಿ ಅತ್ತ ಎರಡು ವರ್ಷಕ್ಕೆ, ಮೈಸೂರಿನ ನಮ್ಮ ಮನೆಯ ಪಕ್ಕದ ನಿವೇಶನದಲ್ಲಿ ಕಟ್ಟಡ ಏಳುತ್ತಿತ್ತು. ಒಂದು ಮಧ್ಯಾಹ್ನ ಸಾರುವೆಯಿಂದ ಒಬ್ಬ ಕಾರ್ಮಿಕ ಬಿದ್ದ. ಉತ್ತರದ ಯಾವುದೋ ರಾಜ್ಯದಿಂದ ಬಂದ ಹುಡುಗ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಜನ ಸೇರಿದರು, ಆಂಬುಲೆನ್ಸ್ ಬಂತು. ಕೆಳಗಿಳಿದು ಹೋಗಬೇಕೆಂದು ಅನಿಸಿತು. ಪೊಲೀಸರು, ಸಾಕ್ಷಿ, ಹೇಳಿಕೆ ಎಂಬುದೆಲ್ಲ ತಲೆಗೆ ಬಂದು ಪರದೆ ಎಳೆದೆ. ರೂಸೋ ಹೇಳಿದ್ದು ಅಕ್ಷರಶಃ ಇದನ್ನೇ. ಆ ಹುಡುಗ ನನ್ನಿಂದ ಏನನ್ನೋ ಕೇಳುತ್ತಿದ್ದ, ಹೆನ್ರಿ ಏನನ್ನೂ ಕೇಳಿರಲಿಲ್ಲ.

ಆದರೂ ಸ್ನೇಹಿತರ ಮಾತನ್ನು ಒಪ್ಪಲು ನನಗೆ ಆಗುತ್ತಿಲ್ಲ. ಹೆನ್ರಿಗಾಗಿ ಅಳದೇ ಇದ್ದಿದ್ದರೆ ನಾನು ಕೆಳಗಿಳಿದು ಹೋಗುತ್ತಿದ್ದೆನೇ? ಅಂಥ ಲೆಕ್ಕ ಎಲ್ಲಿಯೂ ಇಲ್ಲ. ಪರದೆ ಎಳೆದದ್ದು ನನ್ನ ಕೈ, ಕಣ್ಣೀರಲ್ಲ. ಈ ಉತ್ತರ ಸಾಲದು ಎಂಬುದೂ ನನಗೆ ಗೊತ್ತು. ಕಣ್ಣೀರಿಗೂ ಕೈಗೂ ಸಂಬಂಧವೇ ಇಲ್ಲವೆಂದರೆ ತಂತಿ ಪಡೆದ ಆ ತಾಯಿಯ ಹೆಸರು ಹೇಳಿ ನಾನು ಕಟ್ಟಿದ ವಾದ ಕುಸಿಯುತ್ತದೆ. ಸಂಬಂಧ ಇದೆಯೆಂದರೆ ಆ ಮಧ್ಯಾಹ್ನಕ್ಕೆ ನಾನು ಉತ್ತರ ಹೇಳಬೇಕು.

ಆ ಕಟ್ಟಡದಲ್ಲಿ ಈಗ ಹನ್ನೆರಡು ಸಂಸಾರಗಳಿವೆ. ಅಪ್ಪ ತಂತಿ ಒಯ್ದ ಮನೆಯ ಹೆಸರು, ಸತ್ತ ಸೈನಿಕನ ಹೆಸರು, ಅವನ ತಮ್ಮಂದಿರ ಹೆಸರು ನನಗೆ ನೆನಪಿದೆ. ಸಾರುವೆಯಿಂದ ಬಿದ್ದ ಹುಡುಗನ ಹೆಸರನ್ನು ನಾನು ಈವರೆಗೆ ಯಾರನ್ನೂ ಕೇಳಿಲ್ಲ.