ಹೆಸರು ಹಿಡಿದು ಕರೆಯುವ ದೇವರು



ಬೆಟ್ಟ ಹತ್ತಿ ಬರುವವರೆಲ್ಲರೂ ಒಂದೊಂದು ಭಾರ ಹೊತ್ತು ಬರುತ್ತಾರೆ. ಒಬ್ಬರಿಗೆ ಕಾಯಿಲೆ, ಇನ್ನೊಬ್ಬರಿಗೆ ಸಾಲ, ಮತ್ತೊಬ್ಬರಿಗೆ ಮಗಳ ಮದುವೆಯ ಚಿಂತೆ. ಇವನ್ನು ಬಾಯಿಬಿಟ್ಟು ಹೇಳಿಕೊಳ್ಳಬಹುದು. ಹೇಳಿಕೊಳ್ಳಲಾಗದ ಭಾರವೂ ಒಂದಿದೆ. ಕೈ ಮೇಣದ ಬತ್ತಿ ಹಚ್ಚುತ್ತದೆ, ಬಾಯಿ ಜಪಸರ ಹೇಳುತ್ತದೆ, ಆದರೆ ಇದೆಲ್ಲ ಬೇರೆ ಯಾರೋ ಮಾಡುತ್ತಿರುವಂತೆ ಅನ್ನಿಸುತ್ತದೆ. "ಮನೇಲಿ ಎಲ್ಲಾ ಸರಿಯಾಗೇ ಇದೆ, ನಾನೇ ನನಗೆ ಸಿಗ್ತಿಲ್ಲ" ಅನ್ನುವ ಸ್ಥಿತಿ. ಇಂಥವರು ತಮ್ಮ ವಿಶ್ವಾಸವೇ ಸತ್ತುಹೋಯಿತೇನೋ ಎಂದು ಒಳಗೊಳಗೇ ಹೆದರುತ್ತಾರೆ.

ಅವರಿಗಾಗಿ ಪವಿತ್ರ ಬೈಬಲಿನಲ್ಲಿ ಒಂದು ಬೆಟ್ಟದ ಯಾತ್ರೆಯ ಕಥೆ ಇದೆ. ಅರಸುಗಳು ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ಅದನ್ನು ಓದಬಹುದು.

ಪ್ರವಾದಿ ಎಲೀಯ ಸಾಮಾನ್ಯನಲ್ಲ. ಕಾರ್ಮೆಲ್ ಬೆಟ್ಟದಲ್ಲಿ ಬಾಳ್ ದೇವತೆಯ 450 ಪ್ರವಾದಿಗಳ ಎದುರು ಒಬ್ಬನೇ ನಿಂತವನು. ಅವನ ಪ್ರಾರ್ಥನೆಗೆ ಆಕಾಶದಿಂದ ಬೆಂಕಿ ಇಳಿದಿತ್ತು. ಆದರೆ ರಾಣಿ ಈಜೆಬೆಲಳ ಬೆದರಿಕೆ ಬಂದದ್ದೇ ತಡ, ಅದೇ ಎಲೀಯ ಜೀವ ಉಳಿಸಿಕೊಳ್ಳಲು ಓಡಿದ. ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು, ಒಂದು ದಿನದ ದಾರಿ ಮರುಭೂಮಿಯೊಳಗೆ ಒಬ್ಬನೇ ನಡೆದು, ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದ. ಕಾರ್ಮೆಲಿನಲ್ಲಿ ನಿಂತಿದ್ದ ಎಲೀಯ ಈಗ ಅವನಿಗೇ ಅಪರಿಚಿತ.

ಆಗ ದೇವರು ಏನು ಮಾಡಿದರು? ಬೈಯಲಿಲ್ಲ, ಉಪದೇಶ ಹೇಳಲಿಲ್ಲ. ದೇವದೂತನು ಬಂದು ಅವನನ್ನು ಮುಟ್ಟಿ ಎಬ್ಬಿಸಿದ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ ಇತ್ತು, ಕುಡಿಯಲು ನೀರಿತ್ತು. ಎಲೀಯ ತಿಂದು ಮತ್ತೆ ಮಲಗಿದ. ದೂತ ಮಲಗಲು ಬಿಟ್ಟ. ಎರಡನೇ ಸಲ ಎಬ್ಬಿಸಿ ಮತ್ತೆ ಉಣಿಸಿದ. ಊಟ, ನಿದ್ದೆ, ಮುಟ್ಟಿ ಎಬ್ಬಿಸುವ ಒಂದು ಕೈ: ದೇವರ ಮೊದಲ ಸಾಂತ್ವನ ಇಷ್ಟೇ. ದಣಿದವರು ಮಲಗಿದರೆ ಪಾಪವಲ್ಲ. ಬದುಕೇ ಬೇಡವೆನಿಸಿದಾಗ ಮನೆಯವರಿಗೆ ಹೇಳಿಕೊಳ್ಳುವುದೂ ವೈದ್ಯರ ಬಳಿಗೆ ಹೋಗುವುದೂ ವಿಶ್ವಾಸದ ಕೊರತೆಯಲ್ಲ. ದೇವದೂತ ಯಾರ ರೂಪದಲ್ಲಿ ಬರುತ್ತಾನೋ ಯಾರು ಬಲ್ಲರು?

ಆ ಊಟದ ಬಲದಿಂದ ಎಲೀಯ 40 ದಿನ ಹಗಲಿರುಳು ನಡೆದು ಹೋರೇಬ್ ಬೆಟ್ಟ ಸೇರಿದ. ಬಿರುಗಾಳಿ ಬೀಸಿತು, ಭೂಮಿ ನಡುಗಿತು, ಬೆಂಕಿ ಉರಿಯಿತು. ದೇವರು ಅವುಗಳಲ್ಲಿ ಇರಲಿಲ್ಲ. ಕೊನೆಗೆ ಒಂದು ಮೆಲುದನಿ. ಎಲೀಯ ಕಂಬಳಿಯಿಂದ ಮುಖ ಮುಚ್ಚಿಕೊಂಡು ಗುಹೆಯ ಬಾಗಿಲಲ್ಲಿ ನಿಂತ. ದೇವರು ಅವನ ಹೆಸರು ಹಿಡಿದು ಕರೆದು, ಇಲ್ಲೇನು ಕೆಲಸವೆಂದು ಕೇಳಿದರು.

ಓದುವವರು ಗಮನಿಸದೇ ಹೋಗುವ ಒಂದು ಮಾತು ಇಲ್ಲಿದೆ. ಗಾಳಿ ಬೀಸುವ ಮೊದಲೂ ದೇವರು ಇದನ್ನೇ ಕೇಳಿದ್ದರು. ತಾನೊಬ್ಬನೇ ಉಳಿದಿದ್ದೇನೆ ಎಂದು ಎಲೀಯ ಗೋಳು ಹೇಳಿಕೊಂಡಿದ್ದ. ಮೆಲುದನಿ ಕೇಳಿದ ಮೇಲೂ ಅವನ ಉತ್ತರ ಅದೇ, ಮಾತಿಗೆ ಮಾತು ಅದೇ! ದೇವರ ಮುಂದೆ ನಿಂತರೂ ಅವನ ಮನಸ್ಸು ಹಗುರಾಗಲಿಲ್ಲ. ದೇವರು ಬೇಸರಪಟ್ಟುಕೊಂಡರೇ? ಇಲ್ಲ. ಮನಸ್ಸು ಸರಿಹೋಗಲಿ ಎಂದು ಕಾಯಲೂ ಇಲ್ಲ. ಬಂದ ದಾರಿಯಲ್ಲೇ ಹಿಂದಿರುಗಲು ಹೇಳಿ ಕೆಲಸ ಕೊಟ್ಟರು, ಜೊತೆಗೆ ಎಲೀಷನನ್ನು ಕೊಟ್ಟರು, ಬಾಳನಿಗೆ ಮಣಿಯದ 7,000 ಮಂದಿ ಇನ್ನೂ ಇದ್ದಾರೆಂದು ತಿಳಿಸಿದರು.

ಕೊಲ್ಕತ್ತದ ಸಂತ ತೆರೇಸರ ಬಾಳೂ ಇದನ್ನೇ ಸಾರುತ್ತದೆ. 1997ರಲ್ಲಿ ತೀರಿಕೊಂಡ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಲೋಕವೇ ಬೆರಗಾಯಿತು. ಹೆಚ್ಚುಕಡಿಮೆ 50 ವರ್ಷ ಆ ತಾಯಿಯ ಒಳಗೆ ಕತ್ತಲೆಯಿತ್ತು, ದೇವರು ದೂರವಾದ ಅನುಭವವಿತ್ತು. ಆದರೂ ಪ್ರಾರ್ಥನೆ ಬಿಡಲಿಲ್ಲ, ರೋಗಿಗಳ ಗಾಯ ತೊಳೆಯುವುದು ಬಿಡಲಿಲ್ಲ. 2016ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಭಾವನೆ ಬತ್ತಿದರೂ ವಿಶ್ವಾಸ ಬದುಕಿರಬಲ್ಲದು.

ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಯೇಸುಸ್ವಾಮಿ ಹೇಳಿದ್ದಾರೆ. ದಾರಿ ತಪ್ಪಿದ ಕುರಿಗೆ ತಾನೆಲ್ಲಿದ್ದೇನೆಂದು ಗೊತ್ತಿರುವುದಿಲ್ಲ. ಕುರುಬನಿಗೆ ಗೊತ್ತಿದ್ದರೆ ಸಾಕು.

ಆದ್ದರಿಂದ ಯಾತ್ರಿಕರೇ, ಪೀಠದ ಮುಂದೆ ನಿಂತಾಗ ಕಣ್ಣೀರು ಬರಲಿಲ್ಲ, ಎದೆ ತುಂಬಿ ಬರಲಿಲ್ಲ ಎಂದು ಕೊರಗಬೇಡಿ. "ಯೇಸುವೇ, ನಾನ್ಯಾರು ಅಂತ ನನಗೆ ತಿಳೀತಿಲ್ಲ, ನಿಮಗೆ ತಿಳಿದಿದೆ" ಎಂದಷ್ಟೇ ಹೇಳಿ. ಹೊಟ್ಟೆತುಂಬ ಊಟ ಮಾಡಿ, ಜೊತೆಗಾರರ ಕೈ ಹಿಡಿದು ಮೆಲ್ಲಗೆ ಬೆಟ್ಟ ಇಳಿಯಿರಿ. ಕರೆಯುವವರು ಕೆಳಗಿನ ದಾರಿಯಲ್ಲೂ ಜೊತೆಗಿದ್ದಾರೆ.

ಆಮೆನ್.